ಡೊಮೇನಿನ ತಿಥಿ

ಸಂಘದ ವೆಬ್‌ಸೈಟ್ ತೆರೆದರೆ ಯಾವುದೋ ಜಾಹೀರಾತು ಬರುತ್ತಿದೆ ಎಂದು ಸದಸ್ಯರೊಬ್ಬರು ವಾಟ್ಸಾಪ್ ಗುಂಪಿಗೆ ಹಾಕಿದ ಮೇಲೆಯೇ ನಮ್ಮ ಸಂಘ-ಸಂಸ್ಥೆಗಳಿಗೆ ಜ್ಞಾನೋದಯ: ವೆಬ್‌ಸೈಟಿನ ಹೆಸರಾದ ಡೊಮೇನ್ ಅಂತ ಒಂದಿದೆ, ಅದಕ್ಕೆ ಆಗಾಗ ದುಡ್ಡು ಕಟ್ಟಬೇಕು. ಉದ್ಘಾಟನೆಗೆ ಯಾವ ಸಚಿವರು ಬಟನ್ ಒತ್ತಿದರೆಂದು ಎಲ್ಲರಿಗೂ ನೆನಪಿದೆ. ನವೀಕರಣ ಯಾರ ಹೊಣೆಯೆಂದು ಯಾರಿಗೂ ನೆನಪಿಲ್ಲ. ಬಜೆಟ್ಟಿನಲ್ಲಿ ಹಾರ-ಶಾಲಿಗೆ ಕಲಮಿದೆ, ಇದಕ್ಕಿಲ್ಲ.

ಡೊಮೇನ್ ಮಾರಿದ ರಿಜಿಸ್ಟ್ರಾರ್ ಎಚ್ಚರಿಸಲಿಲ್ಲವೇ? ಎಚ್ಚರಿಸಿದ್ದ. ಡಾಟ್ ಕಾಮ್‌ನಂಥ ಹೆಸರುಗಳ ಅವಧಿ ಮುಗಿಯುವ ಸುಮಾರು ತಿಂಗಳ ಮುಂಚೆ ಒಮ್ಮೆ, ವಾರದ ಮುಂಚೆ ಇನ್ನೊಮ್ಮೆ ತಿಳಿಸಲೇಬೇಕೆಂದು ಡೊಮೇನ್ ಹೆಸರುಗಳ ಉಸ್ತುವಾರಿ ಸಂಸ್ಥೆ ಐಕ್ಯಾನ್‌ನ ನಿಯಮವೇ ಇದೆ. ಎರಡೂ ಇಮೇಲು ಹಿಂದಿನ ಕಾರ್ಯದರ್ಶಿಗೆ ತಲುಪಿವೆ. ಇನ್ನೂ ಜಾಣರು ಅದೇ ಡೊಮೇನಿನ ಇಮೇಲ್ ಕೊಟ್ಟಿರುತ್ತಾರೆ. ಅವಧಿ ಮುಗಿದ ಮೇಲೆ ಸಾವಿನ ಸುದ್ದಿ ಸತ್ತವನಿಗೇ ಹೋಗುತ್ತದೆ. ಪಾಸ್‌ವರ್ಡ್ ಬದಲಿಸುವ ಲಿಂಕೂ ಅಲ್ಲಿಗೇ.

ನಮ್ಮವರನ್ನಷ್ಟೇ ಬೈದರೆ ಅನ್ಯಾಯವಾದೀತು. 1999ರ ಕ್ರಿಸ್‌ಮಸ್ ಹೊತ್ತಿಗೆ ಹಾಟ್‌ಮೇಲ್ ಲಾಗಿನ್ ನಡೆಸುತ್ತಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್ ನವೀಕರಿಸಲು ಮೈಕ್ರೋಸಾಫ್ಟ್ ಮರೆತು ಆ ಲಾಗಿನ್ ಕೆಟ್ಟು ಕೂತಿತು. 35 ಡಾಲರ್ ಕಟ್ಟಿ ಕಾಪಾಡಿದವನು, ನೋಡಿ, ಎದುರಾಳಿ ಲಿನಕ್ಸ್ ಪಾಳಯದ ಒಬ್ಬ ಪ್ರೋಗ್ರಾಮರ್! ಗ್ರಾಹಕರಿಗೆ ಸಕಾಲಕ್ಕೆ ಇಮೇಲ್ ಕಳಿಸುವ ತಂತ್ರಾಂಶ ಮಾರುವ ಮಾರ್ಕೆಟೋ 2017ರಲ್ಲಿ ತನ್ನ ಡೊಮೇನನ್ನೇ ಮರೆತಾಗ ದುಡ್ಡು ಕಟ್ಟಿದ್ದೂ ಅದರ ಗ್ರಾಹಕನೊಬ್ಬ.

ತುರ್ತು ಸಭೆಯಲ್ಲಿ ಗೋಳು ಬೇರೆಯದೇ. "ವಜ್ರಮಹೋತ್ಸವದ ಫೋಟೋ ಎಲ್ಲಾ ಹೋಯ್ತಲ್ರೀ!" ಎಲ್ಲಿಗೂ ಹೋಗಿಲ್ಲ ಸ್ವಾಮಿ. ಫೈಲುಗಳಿರುವುದು ಹೋಸ್ಟಿಂಗ್ ಸರ್ವರಿನಲ್ಲಿ, ಅದರ ಬಾಡಿಗೆ ಬೇರೆ. ಅದನ್ನು ಕಟ್ಟಿದ್ದರೆ ಫೈಲು ಸಾಗಿಸುವ ಎಫ್‌ಟಿಪಿಗೆ ಸರ್ವರಿನ ಐಪಿ ವಿಳಾಸ ಕೊಟ್ಟೋ, ಹೋಸ್ಟಿಂಗ್ ಕಂಪನಿಯ ಮೂಲಕ ಸಿಪ್ಯಾನೆಲ್ ಎಂಬ ನಿಯಂತ್ರಣ ಫಲಕ ಹೊಕ್ಕೋ ಇಳಿಸಿಕೊಳ್ಳಬಹುದು. ಹೊಕ್ಕವರು ಫೋಲ್ಡರನ್ನಷ್ಟೇ ಇಳಿಸಿಕೊಂಡು ಸಿಹಿ ಹಂಚಿಬಿಡುತ್ತಾರೆ. ವೆಬ್‌ಸೈಟ್ ಕಟ್ಟಿದ್ದು ವರ್ಡ್‌ಪ್ರೆಸ್‌ನಲ್ಲಾದರೆ ಬರಹಗಳೆಲ್ಲ ಡೇಟಾಬೇಸಿನಲ್ಲಿರುತ್ತವೆ. ಅದನ್ನು ಬೇರೆಯಾಗಿ ತೆಗೆಯದಿದ್ದರೆ ಸಿಗುವುದು ಅಧ್ಯಕ್ಷರ ಫೋಟೋಗಳು ಮಾತ್ರ. ಕೆಲವು ಸಂಘಗಳಿಗೆ ಅಷ್ಟು ಸಾಕು.

ಹೋಸ್ಟಿಂಗ್ ಬಾಡಿಗೆಯನ್ನೂ ಮರೆತಿದ್ದರೆ ಗತಿ ವೇಬ್ಯಾಕ್ ಮಷೀನ್. ಅದನ್ನು ನಡೆಸುವ ಅಮೆರಿಕದ ಇಂಟರ್ನೆಟ್ ಆರ್ಕೈವ್ 1996ರಿಂದ ಊರ ವೆಬ್‌ಪುಟಗಳ ಉಸಾಬರಿಯನ್ನೆಲ್ಲ ಪುಕ್ಕಟೆ ಎತ್ತಿಟ್ಟುಕೊಂಡಿದೆ. ಹೊರಗಿನಿಂದ ಕಂಡಷ್ಟೇ ಸಿಗುತ್ತದೆ, ಅದೂ ಸಿಕ್ಕಿದರೆ. ಸ್ವಂತ ಬ್ಯಾಕಪ್ ಇಡದ ಕಾರ್ಯಕಾರಿ ಸಮಿತಿಗೆ ಇಷ್ಟು ಸೇವೆ ಮಾಡಿದ ಅದಕ್ಕೊಂದು ಸನ್ಮಾನವನ್ನಾದರೂ ಇಟ್ಟುಕೊಳ್ಳಬಹುದು, ಶಾಲಿಗೆ ಕಲಮು ಹೇಗೂ ಇದೆಯಲ್ಲ.

ಹೆಸರು ಉಳಿಸಿಕೊಳ್ಳಲೂ ದಾರಿಯಿದೆ. ರಿಜಿಸ್ಟ್ರಾರ್ ಅಳಿಸಿದ ಡಾಟ್ ಕಾಮ್ ಹೆಸರನ್ನು 30 ದಿನದೊಳಗೆ ದಂಡ ತೆತ್ತು ಬಿಡಿಸಿಕೊಳ್ಳಬಹುದು. ಆಮೇಲೆ 5 ದಿನ ಯಾರೂ ಮುಟ್ಟುವಂತಿಲ್ಲ, ಅದಾದ ಮೇಲೆ ಸಿಕ್ಕವರಿಗೆ ಸೀರುಂಡೆ. ಒಟ್ಟು 35 ದಿನ. ಇದನ್ನು ಪರಿಶೀಲಿಸಲು ರಚನೆಯಾದ ಉಪಸಮಿತಿಯ ಮೊದಲ ಸಭೆ ಕೋರಂ ಇಲ್ಲದೆ ಮುಂದಿನ ತಿಂಗಳಿಗೆ ಹೋಗಿದೆ.