ಐನೂರು ಕೊಟ್ಟರೆ ಮುಗೀತೇನ್ರೀ?

ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆ ಹೆಲ್ಮೆಟ್ಟಿಗೆ ತಲೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಜಾಗವಿದೆ. ಪೆಟ್ರೋಲ್ ಟ್ಯಾಂಕಿನ ಮೇಲೆ, ಮೊಣಕೈಯಲ್ಲಿ, ಹಿಂದೆ ಕೂತ ಹೆಂಡತಿಯ ತೊಡೆಯ ಮೇಲೆ. ಸಸ್ತಾಪುರ ಬಂಗ್ಲಾದ ಹತ್ತಿರ ಒಬ್ಬ ಮಹನೀಯರು ಅದರ ತುಂಬ ಬದನೆಕಾಯಿ ಹಾಕಿಕೊಂಡು, ಗಲ್ಲದ ಪಟ್ಟಿಯಲ್ಲಿ ಕೊತ್ತಂಬರಿ ಸಿವುಡು ಸಿಕ್ಕಿಸಿ ಬರುತ್ತಿದ್ದರು. ಮುಂದೆ ಖಾಕಿ ಕಂಡಿತು. ಬದನೆಕಾಯಿ ಸುರಿಯುವುದೆಲ್ಲಿ, ಹೆಲ್ಮೆಟ್ ಹಾಕುವುದು ಯಾವಾಗ? ಗಾಡಿಯನ್ನೇ ತಿರುಗಿಸಿ ರಾಂಗ್ ಸೈಡಿನಲ್ಲಿ ಹೊರಟುಹೋದರು. ಒಂದಿದ್ದ ತಪ್ಪು ಎರಡಾಯಿತು. ಇಂಥವರ ಲೆಕ್ಕ ಇಡಲೆಂದೇ ಜಗತ್ತಿನಲ್ಲಿ ಪಾಯಿಂಟ್ ಪದ್ಧತಿ ಹುಟ್ಟಿರಬೇಕು.

ಆ ಪದ್ಧತಿ ನಮಗೇನೂ ದೂರದ್ದಲ್ಲ. ಹೆದ್ದಾರಿ 65 ಹಿಡಿದು ಹುಮನಾಬಾದ್, ಜಹೀರಾಬಾದ್ ದಾಟಿದರೆ ಹೈದರಾಬಾದ್. ಅಲ್ಲಿ 2017ರ ಆಗಸ್ಟಿನಲ್ಲಿ ದಂಡದ ಜೊತೆಗೆ ಪಾಯಿಂಟ್ ಹಾಕುವುದನ್ನೂ ಶುರು ಮಾಡಿದರು. ಹೆಲ್ಮೆಟ್ ಇಲ್ಲದಿದ್ದರೆ ಒಂದು, ಕುಡಿದು ಬೈಕ್ ಹೊಡೆದರೆ ಮೂರು. 24 ತಿಂಗಳೊಳಗೆ 12 ತುಂಬಿತೋ, ಒಂದು ವರ್ಷ ಲೈಸೆನ್ಸ್ ಅಮಾನತು. ಅಲ್ಲಿ ಆಟೊ ಓಡಿಸುವ ನಮ್ಮ ಅತ್ತೆಯ ಮಗ ಮಾಣಿಕನಗರದ ಜಾತ್ರೆಗೆ ಬಂದವನು ಇದನ್ನೆಲ್ಲ ವಿವರಿಸಿದ. "ದಂಡ ಕೊಟ್ಟು ಮರೀಬಹುದು ಮಾಮಾ, ಇದು ಹಂಗಲ್ಲ. ಎರಡು ವರ್ಷ ಬೆನ್ನ ಹತ್ತಿ ಬರ್ತದ" ಅಂದ.

ನಮ್ಮ ತಂದೆ ಅಡಿಗೆಮನೆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: "ಎರಡೇ ವರ್ಷಕ್ಕ ಅಳಸ್ತಾರ? ಭಾಳ ಛಲೋ ಮಂದಿ ಬಿಡೋ."

ದಂಡದ ವಿಚಾರದಲ್ಲಿ ನಮ್ಮೂರನ್ನು ಯಾರೂ ಹಗುರವಾಗಿ ಕಾಣಬಾರದು. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರ 'ಮಿತಾಕ್ಷರ' ವ್ಯಾಖ್ಯಾನ ಬರೆದದ್ದು ಇದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಆ ಸ್ಮೃತಿಯಲ್ಲಿ ಟ್ರಾಫಿಕ್ ನಿಯಮವೂ ಇದೆ. ಮೂಗುದಾರ ಹರಿದ, ನೊಗ ಮುರಿದ, ಇಲ್ಲವೆ ಹಿಂದಕ್ಕೆ ಸರಿಯುತ್ತಿರುವ ಬಂಡಿಯಿಂದ ಯಾರಿಗಾದರೂ ಪೆಟ್ಟಾದರೆ ಬಂಡಿಯ ಒಡೆಯನಿಗೆ ದೋಷವಿಲ್ಲ. ಅಂದಮೇಲೆ "ಬ್ರೇಕ್ ಫೇಲ್ ಆಗಿತ್ತು ಸಾಹೇಬ್ರ" ಎನ್ನುವುದಕ್ಕೂ "ರಿವರ್ಸ್ ತಗೊಳ್ಳಲತ್ತಿದ್ದೆ" ಎನ್ನುವುದಕ್ಕೂ ನಮ್ಮಲ್ಲಿ ಶಾಸ್ತ್ರಾಧಾರವೇ ಇದೆ! ಆದರೆ ಮುಂದಿನ ಮಾತನ್ನು ಮಾತ್ರ ಯಾರೂ ನೆನಪಿಡುವುದಿಲ್ಲ. ಕೋಡಿನ ಪ್ರಾಣಿ ಹಾಯಲು ಹೊರಟಾಗ ತಡೆಯಬಲ್ಲ ಒಡೆಯ ಸುಮ್ಮನಿದ್ದರೆ ಅವನಿಗೆ ದಂಡ. ಎದುರಿನವನು ಕೂಗಿಕೊಂಡರೂ ಸುಮ್ಮನಿದ್ದರೆ ಅದರ ಇಮ್ಮಡಿ.

ಹೈಸ್ಕೂಲ್ ಹುಡುಗನ ಕೈಗೆ ಬುಲೆಟ್ ಕೊಟ್ಟು, ಅವನು ಕೋಟೆ ರಸ್ತೆಯಲ್ಲಿ ಪಟಪಟ ಅನ್ನಿಸುತ್ತ ಹೋಗುವುದನ್ನು ಕಟ್ಟೆಯ ಮೇಲೆ ಕೂತು ಮೆಚ್ಚುವ ಅಪ್ಪಂದಿರಿಗೆ ಇದನ್ನು ಓದಿ ಹೇಳಬೇಕು. ಈಗಿನ ಕಾಯ್ದೆ ಇನ್ನೂ ಖಾರ. ಆ ಹುಡುಗ ಗಾಡಿ ಹೊಡೆದು ಅಪರಾಧ ಮಾಡಿದರೆ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸೇ ಇಲ್ಲ. ಹೆಣ್ಣು ಕೊಡುವವರು "ಹುಡುಗಗ ಗಾಡಿ ಬರ್ತದೇನ್ರಿ?" ಎಂದು ಕೇಳುವ ವಯಸ್ಸಿನಲ್ಲಿ ಅವನು ಬಸ್ಸಿಗೆ ಕಾಯುತ್ತ ನಿಂತಿರುತ್ತಾನೆ.

ಕರ್ನಾಟಕದ ಲೈಸೆನ್ಸಿಗೆ ಹೈದರಾಬಾದಿನಂಥ ಅಂಕಗಳ ಖಾತೆ ತೆರೆದಿಲ್ಲ. ಅದಕ್ಕೇ ನಮ್ಮವರಿಗೆ ದಂಡವೆಂದರೆ ಬರೀ ರೊಕ್ಕ. ಹೊಸ ಕಾಯ್ದೆ 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದಾಗ ಹೆಲ್ಮೆಟ್ ಇಲ್ಲದ ತಲೆಗೆ ಸಾವಿರ ರೂಪಾಯಿ ಬೆಲೆ ಕಟ್ಟಿದರು. ಜನ ಬೊಬ್ಬೆ ಹೊಡೆದರು. ಅದೇ ತಿಂಗಳು ರಾಜ್ಯ ಸರ್ಕಾರ ಅದನ್ನು ಐನೂರಕ್ಕೆ ಇಳಿಸಿತು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಎಂದು ಸಾರಿದಾಗಂತೂ ಆಷಾಢದ ಸೀರೆ ಸೇಲಿಗೆ ನುಗ್ಗಿದ ಹಾಗೆ ಬೆಂಗಳೂರಿನ ಮಂದಿ ಸಾಲುಗಟ್ಟಿದರು. ತಪ್ಪು ಮಾಡಿ ತಡೆದು ಕೂತವನಿಗೆ ಲಾಭ, ಆವತ್ತೇ ಕಟ್ಟಿದವನಿಗೆ ಪೂರ್ತಿ ದರ! ಪ್ರಾಮಾಣಿಕತೆಗೆ ಇಷ್ಟು ದುಬಾರಿ ಶುಲ್ಕ ಇರಬಾರದಿತ್ತು ಎಂದು ನನ್ನ ತಕರಾರು.

ಈ ಐನೂರರ ಸದ್ದಿನಲ್ಲಿ ಕಾಯ್ದೆಯ ಸೆಕ್ಷನ್ 194ಡಿ ಅರ್ಧಕ್ಕೇ ನಿಂತುಹೋಗಿದೆ. ಹುಮನಾಬಾದಿನ ಚಹಾ ಅಂಗಡಿಯಲ್ಲಿ ಯಾರನ್ನೇ ಕೇಳಿ, ಹೆಲ್ಮೆಟ್ಟಿನ ದಂಡ ಎಷ್ಟೆಂದು ಬಾಯಿಪಾಠ ಒಪ್ಪಿಸುತ್ತಾರೆ. ಅದೇ ವಾಕ್ಯದ ಕೊನೆಯಲ್ಲಿ ಮೂರು ತಿಂಗಳು ಲೈಸೆನ್ಸಿಗೆ ಅನರ್ಹ ಎಂದಿರುವುದನ್ನು ಹೇಳಿದರೆ "ಹೇ, ಅದು ಬೆಂಗಳೂರಾಗ ಇರಬೇಕ್ರಿ" ಅನ್ನುತ್ತಾರೆ. ಪಾಯಿಂಟ್ ಪದ್ಧತಿಯಲ್ಲಿ ಲೈಸೆನ್ಸ್ ಹೋಗಲು ಹನ್ನೆರಡು ತುಂಬಬೇಕು. ಇಲ್ಲಿ ಒಂದೇ ಸಾಕು. ಹೈದರಾಬಾದಿನವರದು ಉದಾರ ಪದ್ಧತಿ ಎಂದು ನಮ್ಮ ಅತ್ತೆಯ ಮಗನಿಗೆ ಈಗ ನಾನೇ ತಿಳಿಹೇಳುತ್ತಿದ್ದೇನೆ.

ಇನ್ನೊಂದು ಸಾಲು ಸೆಕ್ಷನ್ 200ರಲ್ಲಿ ಕೂತಿದೆ. ರಾಜ್ಯ ಸರ್ಕಾರ ದಂಡ ಇಳಿಸುವ ಅಧಿಕಾರ ಪಡೆದದ್ದು ಇದೇ ಸೆಕ್ಷನ್ನಿನಿಂದ. ಸ್ಥಳದಲ್ಲೇ ರೊಕ್ಕ ಕಟ್ಟಿ ಪಾವತಿ ಜೇಬಿಗೆ ಇಳಿಸಿದ ಮಾತ್ರಕ್ಕೆ ಲೈಸೆನ್ಸ್ ಅಮಾನತಿನ ಕ್ರಮದಿಂದ ಬಿಡುಗಡೆ ಇಲ್ಲ ಎಂದು ಅದರಲ್ಲೇ ಬರೆದಿದೆ.