ಮಣೆಗಿಂತ ಮೊದಲು ದೀಪ

1953ರಲ್ಲಿ ಹುಟ್ಟಿದ ಎಚ್‌ಎಂಟಿ, ಮರುವರ್ಷ ಬಂದ ಬಿಇಎಲ್, ಇವೆರಡೂ ಸೇರಿ ಜಾಲಹಳ್ಳಿಯ ಸುತ್ತ ಯಂತ್ರದ ಜೊತೆ ಯಂತ್ರಭಕ್ತರನ್ನೂ ತಯಾರಿಸಿದವು. ಅವರಲ್ಲಿ ಒಂದು ಒಳಪಂಗಡ ಈಗ ಯಲಹಂಕ ನ್ಯೂಟೌನಿನಲ್ಲೋ ಆರ್.ಟಿ. ನಗರದಲ್ಲೋ ಪಿಂಚಣಿ ಎಣಿಸುತ್ತಿದೆ. ಕಾರನ್ನು ಬೀದಿಗಟ್ಟಿ ಗ್ಯಾರೇಜಿನಲ್ಲಿ ಡ್ರಿಲ್ಲಿಂಗ್ ಮೆಷಿನ್ ಪ್ರತಿಷ್ಠಾಪಿಸಿದವರೆಂದರೆ ಗುರುತು ಸಿಕ್ಕೀತು. ಮೊಮ್ಮಗಳ ಮಣೆಗೆಂದು ಯಶವಂತಪುರದಿಂದ ತಂದ ಹಲಸಿನ ಹಲಗೆ ಗೋಡೆಗೊರಗಿ ಎರಡು ಮಳೆಗಾಲ ಕಳೆದಿದೆ. ಮೆಷಿನ್ನಿಗೆ ಮಾತ್ರ ಮೂರನೆಯ ದೀಪ ಬಂತು. ಕುಣಿಯಲಾರದವನಿಗೆ ನೆಲ ಡೊಂಕು, ಕೊರೆಯಲಾರದವನಿಗೆ ಬೆಳಕು ಡೊಂಕು ಎಂದು ಮನೆಯವರು ನಗುತ್ತಾರೆ. ಆ ನಗು ಅನ್ಯಾಯದ್ದು.

ಸೂರಿನ ಟ್ಯೂಬ್‌ಲೈಟು ಕೋಣೆಗೆಲ್ಲ ಬೆಳಕು ಕೊಡುತ್ತದೆ, ಪೆನ್ಸಿಲ್ ಗುರುತೊಂದನ್ನು ಬಿಟ್ಟು. ಮೆಷಿನ್ನಿನ ತಲೆಯ ನೆರಳೂ ಬಗ್ಗಿದವರ ತಲೆಯ ನೆರಳೂ ಸರಿಯಾಗಿ ಅಲ್ಲೇ ಬಂದು ಕೂರುತ್ತವೆ. ಅಪಘಾತ ತರುವಂಥ ನೆರಳೂ ಕಣ್ಣು ಕುಕ್ಕುವ ಬೆಳಕೂ ಕೂಡದೆಂದು 1948ರ ಕಾರ್ಖಾನೆ ಕಾಯಿದೆಯ 17ನೇ ಸೆಕ್ಷನ್ನೇ ಹೇಳಿತ್ತು. ಗ್ಯಾರೇಜಿಗೆ ಇನ್ಸ್‌ಪೆಕ್ಟರ್ ಬರುವುದಿಲ್ಲ, ಅಷ್ಟೇ. ಸೂರಿಗೇ ದೊಡ್ಡ ಬಲ್ಬು ಹಾಕಿದರಾಗದೇ ಎಂದರೆ ನೆರಳೂ ಅಷ್ಟೇ ಕಪ್ಪಾದೀತು. ಸಣ್ಣ ದೀಪವನ್ನೇ ಅರ್ಧ ದೂರಕ್ಕೆ ತಂದರೆ ಬೆಳಕು ನಾಲ್ಕು ಪಟ್ಟು. ಹಾಗಾಗಿಯೇ ಹೊಲಿಗೆ ಯಂತ್ರದ ಎಲ್‌ಇಡಿ: ಬುಡದಲ್ಲಿ ಅಯಸ್ಕಾಂತ, ಹೇಳಿದತ್ತ ಬಾಗುವ ಕತ್ತು, ಅದುರಿದರೆ ಕಡಿಯಲು ಒಳಗೆ ಫಿಲಮೆಂಟ್ ತಂತಿಯೇ ಇಲ್ಲ. ಇನ್ನು ವಯಸ್ಸು. ಅರವತ್ತರಲ್ಲಿ ಕಣ್ಣಿನೊಳಕ್ಕೆ ಇಳಿಯುವ ಬೆಳಕು ಇಪ್ಪತ್ತರಲ್ಲಿದ್ದುದರ ಸುಮಾರು ಮೂರರಲ್ಲೊಂದು ಪಾಲು. ಮೂರನೆಯ ದೀಪ ಹೊತ್ತಿದಾಗಲಷ್ಟೇ ಲೆಕ್ಕ ಸಮವಾದದ್ದು.

ನಮ್ಮ ಆಚಾರಿಗಳು ಯಾವ ದೀಪ ಕೇಳಿದ್ದರು ಎಂಬುದು ಇನ್ನೊಂದು ಆಕ್ಷೇಪ. ಅವರು ಜಗಲಿಯಲ್ಲಿ, ಹಗಲಲ್ಲಿ ಕೂತರು. ಕೈ ನಿಂತರೆ ಕರಗಸವೂ ನಿಂತಿತು. ಮೋಟಾರಿಗೆ ಆ ಸೌಜನ್ಯವಿಲ್ಲ. ಸಾಲದ್ದಕ್ಕೆ, 50 ಹರ್ಟ್ಸ್ ಕರೆಂಟಿನಲ್ಲಿ ಹಳೆಯ ಚೋಕ್‌ನ ಟ್ಯೂಬು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಡ್ರಿಲ್ ಬಿಟ್ ಅದರಡಿ ನಿಂತಂತೆ ಕಾಣಬಹುದು. ಕಾರ್ಖಾನೆಗಳಲ್ಲಿ ಅಕ್ಕಪಕ್ಕದ ಟ್ಯೂಬುಗಳನ್ನು ಬೇರೆ ಬೇರೆ ಫೇಸಿಗೆ ಕೊಟ್ಟು ಈ ಮೋಸ ತಪ್ಪಿಸುತ್ತಿದ್ದರು. ಒಂದೇ ಫೇಸಿನ ಮನೆಯಲ್ಲಿ ನಡುಗದ ಎಲ್‌ಇಡಿ ಹುಡುಕಿ ಅಲೆಯುವುದು ಶೋಕಿಯಲ್ಲ, ಬೆರಳಿನ ಮೇಲಿನ ಆಸೆ. ಬೆಳಕಿನ ಬಣ್ಣ 4000 ಕೆಲ್ವಿನ್ನದೋ 6500ರದ್ದೋ ಎಂದು ಎರಡು ಲೋಟ ಕಾಫಿಯಷ್ಟು ಹೊತ್ತು ವಾದಿಸುವುದು ಮಾತ್ರ ಶೋಕಿಯೇ, ಅದರ ಪರ ವಕಾಲತ್ತು ನನ್ನಿಂದಾಗದು.

ಮಣೆ ಎಲ್ಲಿ ಎಂಬ ಪ್ರಶ್ನೆ ಉಳಿಯಿತು. ಪಕ್ಕದಿಂದ ಓರೆಯಾಗಿ ಬಿದ್ದ ಬೆಳಕು ಮರದ ಏರುತಗ್ಗನ್ನು ಮುಚ್ಚಿಡುವುದಿಲ್ಲ. ಮೂರೂ ದೀಪ ಹೊತ್ತಿಸಿ ಹಲಗೆಯನ್ನು ಮೆಷಿನ್ನಿನ ಮೇಲಿಟ್ಟಾಗ ಮೊದಲು ಕಾಣುವುದು, ಗೋಡೆಗೊರಗಿದ್ದ ಎರಡು ಮಳೆಗಾಲದಲ್ಲಿ ಅದು ದೋಣಿಯಂತೆ ಬಾಗಿರುವುದು.