ರಾಯರ ಕ್ಲೇಮು

ಕರಾವಳಿಯ ಯಾವ ಊರಿಗೆ ಹೋದರೂ ಒಬ್ಬ ರಾಯರು ಸಿಗುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದವರು. 1906ರಿಂದ 1931ರ ನಡುವಿನ 25 ವರ್ಷಗಳಲ್ಲಿ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ಬ್ಯಾಂಕುಗಳನ್ನು ಹೆತ್ತ ನೆಲ ಅದು. ನಿವೃತ್ತ ಮ್ಯಾನೇಜರುಗಳಿಗೆ ಅಲ್ಲಿ ಎಂದೂ ಬರಗಾಲ ಬಂದಿಲ್ಲ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಒಂದು ಫೈಲು, ಅಂಗಳದಲ್ಲಿ ಒಂದು ಬಿಳಿ ಕಾರು. ಇಷ್ಟಿದ್ದರೆ ರಾಯರು ಪೂರ್ತಿ.

ರಾಯರು ಜಿಪುಣರಲ್ಲ. ದೇವಸ್ಥಾನದ ಬ್ರಹ್ಮಕಲಶಕ್ಕೆ ಕೇಳುವ ಮೊದಲೇ ಕೊಡುತ್ತಾರೆ. ಯಕ್ಷಗಾನದ ಮೇಳ ಬಂದರೆ ಊಟದ ಖರ್ಚಿಗೆ ಮುಂದೆ ನಿಲ್ಲುತ್ತಾರೆ. ಆದರೆ ಬೇರೆ ಯಾರೋ ಕೊಡಬೇಕಾದ ದುಡ್ಡನ್ನು ತಾವು ಕೊಡುವ ಪ್ರಸಂಗ ಬಂತೋ, ಅವರಿಗೆ ಜ್ವರ ಬರುತ್ತದೆ. ಅಂಥ ಪ್ರಸಂಗಗಳಿಗೆಂದೇ ಫೈಲು. ಅದರಲ್ಲಿ ಕಾರು ಕೊಂಡ ದಿನದಿಂದ ಇವತ್ತಿನವರೆಗಿನ ಪ್ರತಿ ಚೀಟಿಯೂ ಉಂಟು. ಮಳೆಗಾಲದಲ್ಲಿ ಕಾಗದ ಮೆತ್ತಗಾಗುತ್ತದೆಂದು ಒಂದೊಂದನ್ನೂ ಪುಟ್ಟ ಪ್ಲಾಸ್ಟಿಕ್ ಕವರಿಗೆ ಹಾಕಿ, ಆಮೇಲೆ ಫೈಲಿಗೆ ಸೇರಿಸುವುದು ಅವರ ಕ್ರಮ. ಕೊಲ್ಲೂರಿಗೆ ಹೋದಾಗಿನ ಒಂದು ಪಾರ್ಕಿಂಗ್ ಚೀಟಿ ಮಾತ್ರ ಇಲ್ಲ. ಕಿಟಕಿ ಗಾಜಿನ ರಬ್ಬರಿಗೆ ಸಿಕ್ಕಿಸಿಟ್ಟಿದ್ದು ಮಾಯವಾಗಿ, ಗೇಟಿನ ಹುಡುಗನಿಗೆ ಇನ್ನೊಮ್ಮೆ 40 ರೂಪಾಯಿ ಕೊಡಬೇಕಾಗಿ ಬಂದಿತ್ತು. ಆ ಜಾಗದಲ್ಲಿ ಒಂದು ಬಿಳಿ ಹಾಳೆ ಇದೆ. ಅದರ ಮೇಲೆ ‘ಪ್ರತಿಭಟನೆಯೊಂದಿಗೆ ಪಾವತಿಸಲಾಗಿದೆ’ ಎಂದು ಬರೆದು ಸಹಿ ಹಾಕಿದ್ದಾರೆ.

ಕಾರಿನ ನಾಲ್ಕನೆಯ ಮಳೆಗಾಲ ಮುಗಿದ ಮೇಲೆ ಡ್ರೈವರ್ ಬಾಗಿಲಿನ ಕೆಳಅಂಚಿನಲ್ಲಿ ಒಂದು ಗುಳ್ಳೆ ಕಂಡಿತು. ಉದ್ದಿನ ಕಾಳಿನಷ್ಟು. ರಾಯರು ಅದನ್ನು ಉಗುರಿನಿಂದ ಒತ್ತಿದರು. ಹಪ್ಪಳದ ಗುಳ್ಳೆಯ ಹಾಗೆ ಒಳಗೆ ಹೋಗಿ ಚಟ್ ಎಂದಿತು.

ಈ ‘ಚಟ್’ ಕರಾವಳಿಯವರಿಗೆ ಹೊಸದಲ್ಲ. ಕಾರಿನ ಹೊರಮೈಯ ತಗಡು ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ, ಮುಕ್ಕಾಲು ಮಿಲಿಮೀಟರ್ ಇದ್ದರೆ ಹೆಚ್ಚು. ಅದರ ಮೇಲಿನ ಬಣ್ಣದ ಪದರಗಳನ್ನೆಲ್ಲ ಒಟ್ಟು ಮಾಡಿದರೂ ಒಂದು ತಲೆಕೂದಲಿಗಿಂತ ಬಹಳ ದಪ್ಪವಲ್ಲ. ಕಬ್ಬಿಣಕ್ಕೆ ನೀರೂ ಗಾಳಿಯೂ ಸಿಕ್ಕಿದರೆ ತುಕ್ಕು. ಜೊತೆಗೆ ಉಪ್ಪೂ ಸೇರಿದರೆ ಅದೇ ತುಕ್ಕು ಓಡತೊಡಗುತ್ತದೆ. ತುಕ್ಕಾದ ಕಬ್ಬಿಣಕ್ಕೆ ಮೊದಲಿದ್ದ ಜಾಗ ಸಾಲುವುದಿಲ್ಲ, ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಹಾಗಾಗಿ ಅದು ಬಣ್ಣವನ್ನು ಕೆಳಗಿನಿಂದ ಎತ್ತುತ್ತದೆ. ಪೇಂಟಿನ ತಾಳಿಕೆ ನೋಡುವ ಲ್ಯಾಬುಗಳಲ್ಲಿ ಒಂದು ಪೆಟ್ಟಿಗೆಯೊಳಗೆ 35 ಡಿಗ್ರಿ ಶಾಖ ಇಟ್ಟು, ನೂರಕ್ಕೆ 5 ಪಾಲು ಉಪ್ಪಿನ ನೀರನ್ನು ಮಂಜಿನ ಹಾಗೆ ಹಾಯಿಸುತ್ತಾರೆ. ಮಲ್ಪೆ, ಸುರತ್ಕಲ್‌ನವರಿಗೆ ಹೆಚ್ಚುಕಮ್ಮಿ ಇಂಥದೇ ಪರೀಕ್ಷೆ ಪುಕ್ಕಟೆ. ಮೇಲಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 3,000 ಮಿಲಿಮೀಟರಿನ ಮಳೆ. ಸಾಲದ್ದಕ್ಕೆ ಬೆಂಗಳೂರಿನ ನೆಂಟರು ಬಂದಾಗಲೆಲ್ಲ ರಾಯರು ಅವರನ್ನು ಮರವಂತೆಗೆ ಕರೆದುಕೊಂಡು ಹೋಗಿ, ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ಇರುವ ಆ ಹೆದ್ದಾರಿಯ ಬದಿಗೆ, ಜುಲೈ ತಿಂಗಳ ಅಲೆ ಸಿಡಿಯುವ ಕಡೆಗೇ ಕಾರಿನ ಮುಖ ಮಾಡಿ ಅರ್ಧ ಗಂಟೆ ನಿಲ್ಲಿಸುತ್ತಿದ್ದರು.

ಟಿಂಕರಿಂಗ್ ಕೆಲಸದ ಬಾಬಣ್ಣ ಗುಳ್ಳೆಯನ್ನು ನೋಡಿದ. ಕುಕ್ಕರುಗಾಲಲ್ಲಿ ಕೂತು ಬಾಗಿಲಿನ ಅಡಿಗೆ ಬೆರಳು ಹಾಕಿ ಸವರಿದ. ಬೆರಳು ಕೆಂಪಾಗಿ ಬಂತು.

“ರಾಯರೆ, ಇದು ಮೇಲಿನದ್ದಲ್ಲ, ಒಳಗಿಂದ ಬಂದದ್ದು. ಬಾಗಿಲೊಳಗೆ ನೀರು ನಿಲ್ತಾ ಉಂಟು. ಈಗ ಇಷ್ಟು ತುಂಡು ಮಾಡಿ, ಪ್ಯಾಚ್ ಇಟ್ಟು, ವೆಲ್ಡ್ ಮಾಡಿ ಪೇಂಟ್ ಹೊಡೆದ್ರೆ ಮೂರೂವರೆ ಸಾವಿರದಲ್ಲಿ ಮುಗೀತದೆ.”

“ವಾರಂಟಿ ಉಂಟು ಮಾರಾಯ. ನಾವ್ಯಾಕೆ ಕೊಡುದು?”

ಬಾಬಣ್ಣ ಬೆರಳನ್ನು ಹಳೆ ಬನಿಯನ್ನಿಗೆ ಒರೆಸಿಕೊಂಡು ಸುಮ್ಮನಾದ.

ವಾರಂಟಿ ಇದ್ದದ್ದು ನಿಜ. ಬಣ್ಣಕ್ಕೆ ಮೂರು ವರ್ಷ, ತುಕ್ಕಿಗೆ ಆರು ವರ್ಷ. ರಾಯರು ಪುಸ್ತಕದ ಆ ಪುಟಕ್ಕೆ ಹಳದಿ ಗೆರೆ ಹಾಕಿಕೊಂಡು ಷೋರೂಮಿಗೆ ಹೋದರು. ಸರ್ವಿಸ್ ಅಡ್ವೈಸರ್ ಇಪ್ಪತ್ತೈದರ ಹುಡುಗ. ಅದೇ ಗೆರೆಯ ಮೇಲೆ ಬೆರಳಿಟ್ಟು ಮುಂದಿನ ಸಾಲು ಓದಿಸಿದ. ಕಂಪನಿ ಹೊಣೆ ಹೊರುವುದು ತುಕ್ಕಿಗಲ್ಲ. ತಗಡು ಒಳಗಿನಿಂದ ಹೊರಕ್ಕೆ ಪೂರ್ತಿ ತೂತಾದರೆ ಮಾತ್ರ. ಗುಳ್ಳೆ, ಕಲೆ, ಹೊರಗಿನ ಗೀರಿನಿಂದ ಬಂದ ತುಕ್ಕು, ಯಾವುದೂ ಲೆಕ್ಕಕ್ಕಿಲ್ಲ.

“ತೂತು ಬಿದ್ದಿಲ್ಲ ಅಲ್ವಾ ಸರ್ ಇನ್ನೂ?” ಎಂದ ಹುಡುಗ, ಬಿದ್ದಿದ್ದರೆ ಒಳ್ಳೆಯದಿತ್ತು ಎಂಬ ದನಿಯಲ್ಲಿ.

ಅವತ್ತಿನಿಂದ ರಾಯರ ಬದುಕಿಗೆ ಒಂದು ಗುರಿ ಸಿಕ್ಕಿತು. ಹಲಸಿನಕಾಯಿ ಬಲಿಯುವುದನ್ನು ಕಾಯುವವರ ಹಾಗೆ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಬಂದು ಗುಳ್ಳೆ ತಟ್ಟಿ ನೋಡುವುದು. ಪ್ರತಿ ತಿಂಗಳ ಒಂದನೇ ತಾರೀಕು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯುವುದು. ಉದ್ದಿನ ಕಾಳು ಕಡಲೆಯಾಯಿತು, ಕಡಲೆ ಗೇರುಬೀಜವಾಯಿತು, ಪಕ್ಕದಲ್ಲಿ ಎರಡು ಮರಿಗುಳ್ಳೆ ಎದ್ದವು. ರಾಯರ ಮುಖದಲ್ಲಿ ಕಳೆ.

ಅಕ್ಕಪಕ್ಕದವರಿಗೆ ಈ ಗುಟ್ಟು ಗೊತ್ತಿಲ್ಲದೆ ಪಾಪ ಉಪಾಯ ಹೇಳುತ್ತಿದ್ದರು. ಮಳೆಗಾಲಕ್ಕೆ ಮೊದಲು ಎಂಜಿನ್ನಿನ ಹಳೆ ಆಯಿಲ್‌ಗೆ ಡೀಸೆಲ್ ಬೆರೆಸಿ ಅಡಿಗೆ ಹೊಡೆಸಿ ಎಂದ ಒಬ್ಬ ಲಾರಿ ಮಾಲೀಕ. ದೋಣಿಗೆ ಹಚ್ಚುವ ಗೇರುಎಣ್ಣೆ ಹಚ್ಚಿ, ಮರವನ್ನೇ ಕಾಯುವ ಎಣ್ಣೆ ತಗಡನ್ನು ಬಿಟ್ಟೀತಾ ಎಂದರು ಮೀನುಗಾರರೊಬ್ಬರು. ಬಾಗಿಲಿನ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಕಸ ಕಟ್ಟಿಕೊಂಡಿರಬೇಕು, ಕಡ್ಡಿ ಹಾಕಿ ನೋಡಿ ಎಂದು ರಿಕ್ಷಾದವನೊಬ್ಬ ಹೇಳಿದ. ಇಡೀ ಊರು ಕೊಟ್ಟ ಸಲಹೆಗಳಲ್ಲಿ ಸರಿಯಾದದ್ದು ಅದೊಂದೇ. ರಾಯರು ಎಲ್ಲರಿಗೂ ತಲೆಯಾಡಿಸಿದರು, ಯಾವುದನ್ನೂ ಮಾಡಲಿಲ್ಲ. ಒಂದನ್ನು ಮಾತ್ರ ತಾವಾಗಿ ಮಾಡಿದರು. ಮಳೆಯಲ್ಲಿ ಓಡಾಡಿ ಬಂದ ಒದ್ದೆ ಕಾರಿಗೆ ದಪ್ಪ ಕವರ್ ಹೊದಿಸಿ ಕಟ್ಟಿದರು. ಇಡ್ಲಿ ಪಾತ್ರೆಗೆ ಮುಚ್ಚಳ ಹಾಕಿದಂತಾಯಿತು. ಒಳಗಿನ ತೇವ ಒಳಗೇ ಉಳಿದು, ತುಕ್ಕು ಹಗಲೂ ರಾತ್ರಿ ದುಡಿಯಿತು.

“ನಿಮಗೆ ಕಾರು ಬೇಕಾ, ಕ್ಲೇಮು ಬೇಕಾ?” ಎಂದು ಹೆಂಡತಿ ಒಮ್ಮೆ ಕೇಳಿದ್ದುಂಟು. ರಾಯರು ಪ್ರಶ್ನೆಯನ್ನು ಪರಿಶೀಲನೆಗೆ ಇಟ್ಟುಕೊಂಡರು.

ವಾರಂಟಿ ಮುಗಿಯಲು ಎರಡು ತಿಂಗಳಿದೆ ಎನ್ನುವಾಗ, ಒಂದು ಬೆಳಿಗ್ಗೆ ಬೆರಳು ತಾಗಿದ್ದೇ ಸಾಕು, ತಗಡು ಪುಡಿಯಾಗಿ ಉದುರಿ ಅಂಗಳ ಕಾಣಿಸಿತು. ತೂತು! ರಾಯರು ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಹದಿನೆಂಟು ಫೋಟೋಗಳ ಸಮೇತ ಷೋರೂಮಿಗೆ ಹೊರಟರು. ಹುಡುಗ ತೂತನ್ನು ನೋಡಿ ಒಪ್ಪಿದ. ಒಳಗಿನಿಂದಲೇ ಬಂದದ್ದು ಎಂದೂ ಒಪ್ಪಿದ. ಆಮೇಲೆ ವಾರಂಟಿ ಪುಸ್ತಕದ ಕೊನೆಯ ಪುಟ ತಿರುಗಿಸಿದ. ಅಲ್ಲಿ ಆರು ಚೌಕಗಳು. ವರ್ಷಕ್ಕೊಮ್ಮೆ ಬಾಡಿ ತಪಾಸಣೆ ಮಾಡಿಸಿ, ಒಂದೊಂದಕ್ಕೂ ಸೀಲು ಒತ್ತಿಸಿಕೊಂಡಿರಬೇಕು. ಮೊದಲ ಮೂರಕ್ಕೆ ಸೀಲು ಬಿದ್ದಿತ್ತು. ಉಳಿದವು ರಾಯರ ಅಂಗಿಯಷ್ಟೇ ಬೆಳ್ಳಗೆ. ಫ್ರೀ ಸರ್ವಿಸುಗಳು ಮುಗಿದ ಮೇಲೆ ಷೋರೂಮಿನ ಬಿಲ್ಲು ದುಬಾರಿ ಎಂದು ರಾಯರು ಪೇಟೆಯ ಗ್ಯಾರೇಜಿನಲ್ಲೇ ಆಯಿಲ್ ಬದಲಿಸುತ್ತಿದ್ದರು.

ನಲವತ್ತು ವರ್ಷ ಬೇರೆಯವರ ಅರ್ಜಿಗಳಲ್ಲಿ ಸೀಲು ಇಲ್ಲದ ಜಾಗ ಹುಡುಕಿದ್ದ ಕೈ ಒಂದು ಕ್ಷಣ ನಡುಗಿತು. ಆದರೂ ರಾಯರು ಸೋಲಲಿಲ್ಲ. ದನಿ ಏರಿಸಿ ಕೊಡಚಾದ್ರಿಯನ್ನು ತಂದರು.

“ಕೊಡಚಾದ್ರಿ ಮೇಲೆ ಒಂದು ಕಬ್ಬಿಣದ ಕಂಬ ಉಂಟು, ನೋಡಿದ್ದೀರಾ? ನಮ್ಮ ಹಿರಿಯರು ಬಡಿದು ನಿಲ್ಲಿಸಿದ್ದು. ಬಯಲಲ್ಲಿ, ಘಟ್ಟದ ಮಳೆಗೆ ನಿಂತಿದೆ. ಲೋಹಶಾಸ್ತ್ರಜ್ಞರು ಹೋಗಿ ಪರೀಕ್ಷೆ ಮಾಡಿ ಲೇಖನ ಬರೆದಿದ್ದಾರೆ. ಅದಕ್ಕೆ ತುಕ್ಕು ತಿನ್ನಲಿಕ್ಕೆ ಆಗ್ಲಿಲ್ಲ. ನಿಮ್ಮ ಬಾಗಿಲಿಗೆ ಆರು ವರ್ಷ ತಡೆಯಲಿಕ್ಕೆ ಆಗ್ಲಿಲ್ಲ!”

“ಅದಕ್ಕೆ ಕಡಲ ಗಾಳಿ ಇಷ್ಟು ಹತ್ತಿರ ಇಲ್ಲ ಸರ್,” ಎಂದ ಹುಡುಗ. “ಮತ್ತೆ ಅದಕ್ಕೆ ಯಾರೂ ಕವರ್ ಹಾಕಿಲ್ಲ.”

ವಾರಂಟಿಯ ಬಾಗಿಲು ಮುಚ್ಚಿತು. ಫೈಲಿನಲ್ಲಿ ಇನ್ಷೂರೆನ್ಸಿನ ವಿಭಾಗ ತೆರೆಯಿತು. ರಾಯರು ಪಾಲಿಸಿಯನ್ನು ಭಗವದ್ಗೀತೆಯ ಹಾಗೆ ಎರಡು ದಿನ ಪಾರಾಯಣ ಮಾಡಿದರು. ಅಪಘಾತ, ಬೆಂಕಿ, ಕಳವು, ಗಲಭೆ, ನೆರೆ, ಚಂಡಮಾರುತ, ಭೂಕಂಪ ಎಲ್ಲಕ್ಕೂ ಪರಿಹಾರ ಉಂಟು. ತುಕ್ಕು ಮಾತ್ರ ಸವಕಳಿಯ ಲೆಕ್ಕಕ್ಕೆ ಹೋಗುತ್ತದೆ, ಸವಕಳಿಗೆ ಪರಿಹಾರ ಇಲ್ಲ. ಇಡೀ ಕಡಲೇ ಒಮ್ಮೆಲೆ ಅಂಗಳಕ್ಕೆ ನುಗ್ಗಿದ್ದರೆ ಕೇಳಬಹುದಿತ್ತು. ಆರು ವರ್ಷ ಚಮಚ ಚಮಚವಾಗಿ ಬಂದದ್ದಕ್ಕೆ ಬಾಯಿಲ್ಲ.

ಹೀಗಿರುವಾಗ ಗೇಟಿನ ಪ್ರಸಂಗ ನಡೆಯಿತು. ಊರಿನಲ್ಲಿ ಈ ಬಗ್ಗೆ ಎರಡು ಅಭಿಪ್ರಾಯವಿದೆ. ಆದರೆ ಕಣ್ಣಾರೆ ಕಂಡ ಹೆಂಡತಿಯ ಸಾಕ್ಷ್ಯದ ಪ್ರಕಾರ ಅದು ಅಪ್ಪಟ ಆಕಸ್ಮಿಕ. ರಿವರ್ಸ್ ತೆಗೆಯುವಾಗ ರಾಯರು ತಲೆ ಹೊರಗೆ ಹಾಕಿದ್ದು ಹಿಂದೆ ನೋಡಲಿಕ್ಕಲ್ಲ, ತೂತು ನೋಡಲಿಕ್ಕೆ. ಕೆಂಪುಕಲ್ಲಿನ ಕಂಬ ಹತ್ತಿರ ಬಂದಾಗ ತಲೆಯನ್ನು ಒಳಗೆಳೆದುಕೊಂಡರು, ಬಾಗಿಲನ್ನು ಎಳೆದುಕೊಳ್ಳಲಾಗಲಿಲ್ಲ.

ಬಾಗಿಲು ತಗ್ಗಾದದ್ದನ್ನು ಕಂಡು ಇಷ್ಟು ಸಮಾಧಾನದಿಂದ ಕಾರಿಳಿದ ಮನುಷ್ಯನನ್ನು ಆ ಬೀದಿ ಕಂಡಿರಲಿಲ್ಲ.

ಸರ್ವೇಯರ್ ಬಂದ. ಜೇಬಿನಿಂದ ಪುಟ್ಟ ಅಯಸ್ಕಾಂತ ತೆಗೆದು ಬಾಗಿಲ ಮೇಲೆ ಅಲ್ಲಲ್ಲಿ ಇಟ್ಟು ನೋಡಿದ. ಪುಟ್ಟಿ ತುಂಬಿದ ಜಾಗಕ್ಕೆ ಅದು ಅಂಟುವುದಿಲ್ಲ, ತಗಡಿಗೆ ಅಂಟುತ್ತದೆ. ನಡುವೆ ಚೆನ್ನಾಗಿ ಅಂಟಿತು. ಕೆಳಗೆ ತಂದಾಗ ಒಂದು ಚಕ್ಕೆ ತುಕ್ಕನ್ನು ಕಿತ್ತುಕೊಂಡು ಅವನ ಕೈಗೇ ಬಂತು.

“ತಗ್ಗು ಹೋದ ವಾರದ್ದು ಸರ್, ಬರೆದುಕೊಳ್ತೇನೆ. ಇದು ಮೂರು ಮಳೆಗಾಲದ್ದು,” ಎಂದು ಚಕ್ಕೆಯನ್ನು ರಾಯರ ಅಂಗೈಗೆ ಇಟ್ಟ. ಹೊಸ ಬಾಗಿಲು ಆಗುವುದಿಲ್ಲ, ತಗ್ಗು ಎತ್ತಿ ಬಣ್ಣ ಹೊಡೆಯುವುದಕ್ಕೆ ಮಾತ್ರ ಮಂಜೂರು.

“ಹೊಸ ಬಾಗಿಲು ಕೊಟ್ಟಿದ್ರೂ ಪೂರ್ತಿ ಸಿಗ್ತಿರಲಿಲ್ಲ ಸರ್. ಐದು ವರ್ಷ ದಾಟಿದ ಕಾರಿನ ಲೋಹದ ಭಾಗಕ್ಕೆ ನೂರಕ್ಕೆ 40 ಕಡಿತ. ಪ್ಲಾಸ್ಟಿಕ್, ರಬ್ಬರಿಗೆ 50. ಗಾಜಿಗೆ ಕಡಿತವೇ ಇಲ್ಲ.”

“ಗಾಜಿನ ಬಾಗಿಲೇ ಮಾಡಿಸಬೇಕಿತ್ತು,” ಎಂದರು ರಾಯರು.

ಅವತ್ತು ರಾತ್ರಿ ಊಟವಾದ ಮೇಲೆ ಒಂದು ಮದುವೆ ಕಾಗದದ ಬೆನ್ನಿಗೆ ಲೆಕ್ಕ ಬಿತ್ತು. ತಗ್ಗು ಎತ್ತುವ ಕೂಲಿ 1,800. ಪೇಂಟಿಂಗ್ 4,000. ಇದರಲ್ಲಿ ಕಾಲು ಭಾಗ, ಅಂದರೆ 1,000, ಬಣ್ಣದ ಸಾಮಾನಿನದು ಎಂದು ಹಿಡಿದು ಅದರ ಅರ್ಧ ಕಡಿಯುತ್ತಾರೆ, ಉಳಿಯುವುದು 3,500. ಒಟ್ಟು 5,300. ಅದರಲ್ಲಿ 1,500 ಸಿಸಿಯೊಳಗಿನ ಕಾರಿನವರು ಕಡ್ಡಾಯವಾಗಿ ಹೊರಬೇಕಾದ 1,000 ಹೋದರೆ ಕೈಗೆ 4,300. ಇಲ್ಲಿಯವರೆಗೆ ರಾಯರ ಪೆನ್ನು ಕುದುರೆಯ ಹಾಗೆ ಓಡಿತು. ಆಮೇಲೆ ನೋ ಕ್ಲೇಮ್ ಬೋನಸ್ ನೆನಪಾಯಿತು.

ಐದು ವರ್ಷ ಒಂದೂ ಕ್ಲೇಮ್ ಮಾಡದೆ, 20, 25, 35, 45 ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಶೇಕಡಾ 50ಕ್ಕೆ ಮುಟ್ಟಿದ ಬೋನಸ್ ಅದು. ರಾಯರ ಪಾಲಿಗೆ ಪ್ರಮೋಷನ್ ಇದ್ದಂತೆ. ಕಾರಿಗಾದ ಹಾನಿಯ ಭಾಗದ ಪ್ರೀಮಿಯಂ ಬೋನಸ್ ಇಲ್ಲದಿದ್ದರೆ 9,000, ಇದ್ದರೆ 4,500. ಈಗ ಒಂದು ಕ್ಲೇಮ್ ಮಾಡಿದರೆ ಮುಂದಿನ ವರ್ಷ ಬೋನಸ್ ಸೊನ್ನೆ, ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕು. 4,300 ತೆಗೆದುಕೊಂಡು ಮೊದಲ ವರ್ಷವೇ 4,500 ಬಿಡುವುದು. ರಾಯರು ಮೂರು ಸಲ ಕೂಡಿಸಿದರು, ಕಳೆದರು. ಮೂರು ಸಲವೂ 200 ರೂಪಾಯಿ ತಮ್ಮ ಮೈಮೇಲೆಯೇ ಬಂತು. ಮುಂದಿನ ನಾಲ್ಕು ವರ್ಷಗಳ ನಷ್ಟ ಬೇರೆ.

ಬೆಳಿಗ್ಗೆ ಕ್ಲೇಮ್ ವಾಪಸು ಪಡೆಯುವ ಪತ್ರ ತಯಾರಾಯಿತು. ‘ನನ್ನ ಯಾವುದೇ ಹಕ್ಕಿಗೆ ಚ್ಯುತಿ ಬಾರದಂತೆ’ ಎಂದು ಶುರು. ವಿಮಾ ಓಂಬುಡ್ಸ್‌ಮನ್‌ಗೆ ಬರೆಯುವ ಯೋಚನೆಯೂ ಬಂದು ಹೋಯಿತು. ಅಲ್ಲಿ ದೂರಿಗೆ ಶುಲ್ಕವಿಲ್ಲ ಎಂಬುದು ರಾಯರನ್ನು ಬಹಳ ಸೆಳೆಯಿತು. ಆದರೆ ಮೊದಲು ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಉತ್ತರಕ್ಕೆ ಕಾಯಬೇಕು. ವಾಪಸು ಪಡೆದ ಕ್ಲೇಮಿನ ಮೇಲೆ ಯಾರ ಬಗ್ಗೆ ದೂರುವುದು? ಸ್ಟಿಕ್ಕರ್ ಅಂಟಿಸಿ ತೂತು ಮುಚ್ಚಿದರೂ ಆಗುತ್ತಿತ್ತು. ಬ್ಯಾಂಕಿನ ಒಂದು ಹಳೆ ಸ್ಟಿಕ್ಕರ್ ಸಿಕ್ಕಿತು ಕೂಡ. ಅಂಟಿಸಲು ಹೋದರೆ ತೂತು ಅದಕ್ಕಿಂತ ದೊಡ್ಡದಾಗಿತ್ತು.

ಕೊನೆಗೆ ಕಾರು ಬಾಬಣ್ಣನ ಶೆಡ್ಡಿಗೇ ಬಂತು. ಆತ ಏನೂ ಹೇಳಲಿಲ್ಲ, 11,000 ಎಂದಷ್ಟೇ ಹೇಳಿದ. ಬಾಗಿಲಿನ ಕೆಳಗೆ ಒಂದು ಗೇಣು ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಗ್ರೈಂಡರಿನಿಂದ ತಗಡು ಕತ್ತರಿಸಿದ. ಕಿಡಿ ಹಾರುವಾಗ ರಾಯರು ಫೈಲನ್ನು ಎದೆಗೆ ಅವಚಿಕೊಂಡು ದೂರ ನಿಂತರು. ತಗಡು ಬಿಚ್ಚಿಕೊಂಡಾಗ ಒಂದು ಚೊಂಬಿನಷ್ಟು ಕಪ್ಪು ನೀರು ಸುರಿಯಿತು. ಬಾಬಣ್ಣ ನೀರು ಹೋಗುವ ತೂತಿಗೆ ಸ್ಕ್ರೂ ಡ್ರೈವರ್ ಹಾಕಿ ತಿವಿದ. ಮಾವಿನೆಲೆಯ ಕೊಳೆ ಬಂತು, ಕೆಸರು ಬಂತು, ಆಮೇಲೆ ಏನೋ ಅಡ್ಡ ಸಿಕ್ಕಿಕೊಂಡಿತು. ಇಕ್ಕಳ ಹಾಕಿ ಎಳೆದ.

ಪುಟ್ಟ ಪ್ಲಾಸ್ಟಿಕ್ ಕವರು. ಗಾಜಿನ ಪಕ್ಕದಲ್ಲಿ ಜಾರಿ, ಕೆಳಗಿಳಿದು, ಬಚ್ಚಲ ಬಾಯಿಗೆ ಬಟ್ಟೆ ತುರುಕಿದ ಹಾಗೆ ಕೂತಿತ್ತು. ಅದರ ಹಿಂದೆ ನಿಂತ ನೀರಿಗೆ ಇಡೀ ಬಾಗಿಲು ಕರಗಿತ್ತು. ಕವರಿನೊಳಗಿನ ಚೀಟಿ ಮಾತ್ರ ಗರಿಗರಿಯಾಗಿ ಒಣಗಿತ್ತು.

ಬಾಬಣ್ಣ ರಾಯರ ಮುಖ ನೋಡಿದ. ರಾಯರು ಕವರಿನ ಕೆಸರನ್ನು ಕರವಸ್ತ್ರದಿಂದ ಒರೆಸಿ, ಕನ್ನಡಕ ಏರಿಸಿ ತಾರೀಕು ಓದಿದರು. ಫೈಲು ಬಿಚ್ಚಿ, ಪುಟ ಮಗುಚಿ, ‘ಪ್ರತಿಭಟನೆಯೊಂದಿಗೆ’ ಎಂಬ ಹಾಳೆಯ ಹಿಂದೆ ಅದನ್ನು ಸೇರಿಸಿ ದಾರ ಬಿಗಿದರು.

“ಬಾಗಿಲು ಯಾವಾಗ ರೆಡಿ ಆಗ್ತದೆ ಬಾಬಣ್ಣ? ಶುಕ್ರವಾರದೊಳಗೆ ಬೇಕು. ಕೊಲ್ಲೂರಿಗೆ ಹೋಗ್ಲಿಕ್ಕುಂಟು. ಆ 40 ರೂಪಾಯಿ ವಾಪಸು ಕೇಳ್ಬೇಕು.”